ಆಫ್ರಿಕಾದ ನದಿದಂಡೆಯ ಸಫಾರಿ ಲಾಡ್ಜ್: ಮೊದಲು ನದಿ ಆರಿಸಿ, ಆಮೇಲೆ ರೂಮು

ಆಫ್ರಿಕಾ ಸಫಾರಿ ಅಂತ ಮನಸ್ಸು ಮಾಡಿದವರು ಮೊದಲು ನೋಡುವುದು ಲಾಡ್ಜ್‌ಗಳ ಫೋಟೊ. ನದಿಗೆ ಮುಖ ಮಾಡಿದ ಮರದ ಡೆಕ್, ಅದರ ತುದಿಗೊಂದು ಪುಟ್ಟ ಈಜುಕೊಳ, ಬಿಳಿ ಸೊಳ್ಳೆಪರದೆ ಇಳಿಬಿಟ್ಟ ಮಂಚ. ಕೀನ್ಯಾದ ಲಾಡ್ಜ್ ಇರಲಿ, ಜಾಂಬಿಯಾದ್ದಿರಲಿ, ಫೋಟೊದಲ್ಲಿ ಎಲ್ಲಾ ಒಂದೇ ಥರ ಕಾಣುತ್ತವೆ. ಹೋಗಿ ಇಳಿದ ಮೇಲೆ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಅಜಗಜಾಂತರ. ಒಂದು ನದಿಯಲ್ಲಿ ದಿನಾ ಸಂಜೆ ದೋಣಿಯಲ್ಲಿ ಕೂತು ಆನೆ ಈಜುವುದನ್ನು ನೋಡಬಹುದು. ಇನ್ನೊಂದರಲ್ಲಿ ದೋಣಿ ಇಳಿಸುವ ಮಾತೇ ಇಲ್ಲ. ಒಂದು ಕಡೆ ಕಾಲ್ನಡಿಗೆಯಲ್ಲಿ ಕಾಡು ಸುತ್ತಬಹುದು, ಇನ್ನೊಂದು ಕಡೆ ಜೀಪಿನಿಂದ ಕೆಳಗೆ ಕಾಲಿಡುವಂತಿಲ್ಲ.

ಅದಕ್ಕೇ ಲಾಡ್ಜ್ ಹೆಸರು ಹುಡುಕುವ ಮೊದಲು ಎರಡು ವಿಷಯ ತೀರ್ಮಾನ ಮಾಡಿಕೊಳ್ಳಿ. ನಿಮಗೆ ರಜೆ ಸಿಗುವುದು ಯಾವ ತಿಂಗಳು? ಅಲ್ಲಿ ಹೋಗಿ ನಿಮಗೆ ಏನು ಮಾಡುವ ಆಸೆ? ಈ ಎರಡಕ್ಕೆ ಉತ್ತರ ಸಿಕ್ಕರೆ ನದಿ ಯಾವುದು ಅಂತ ತಾನಾಗಿಯೇ ಗೊತ್ತಾಗುತ್ತದೆ. ನದಿ ಸರಿಯಾಗಿದ್ದರೆ ಸಾಧಾರಣ ಟೆಂಟಿನಲ್ಲೂ ಸುಖ. ತಪ್ಪು ತಿಂಗಳಲ್ಲಿ ತಪ್ಪು ನದಿಗೆ ಹೋದರೆ ಎಷ್ಟು ದೊಡ್ಡ ಐಷಾರಾಮಿ ರೂಮು ಕೊಟ್ಟರೂ ಕಿಟಕಿಯಾಚೆ ಬರೀ ಹುಲ್ಲು.

ತಿಂಗಳ ಲೆಕ್ಕ

ಬೇಸಿಗೆಯಲ್ಲಿ ಕಬಿನಿ ಹಿನ್ನೀರಿಗೆ ಆನೆಗಳು ಹಿಂಡುಹಿಂಡಾಗಿ ಇಳಿಯುವುದನ್ನು ನೀವು ನೋಡಿರಬಹುದು. ಕಾಡೊಳಗಿನ ಕೆರೆಕಟ್ಟೆ ಒಣಗಿದರೆ ಪ್ರಾಣಿಗಳಿಗೆ ಉಳಿಯುವುದು ದೊಡ್ಡ ನೀರು ಮಾತ್ರ. ಆಫ್ರಿಕಾದ ನದಿಗಳಲ್ಲೂ ಇದೇ ನಡೆಯುತ್ತದೆ. ಆದರೆ ತಿಂಗಳು ಬೇರೆ. ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ಜಿಂಬಾಬ್ವೆ, ಜಾಂಬಿಯಾ ಕಡೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆ. ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಒಣಹವೆ. ಅಕ್ಟೋಬರ್ ಹೊತ್ತಿಗೆ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ನದಿದಂಡೆಯಲ್ಲಿ ಪ್ರಾಣಿಗಳ ಜಾತ್ರೆ ನೆರೆಯುತ್ತದೆ.

ಮಕ್ಕಳಿರುವ ನಮ್ಮವರಿಗೆ ರಜೆ ಸಿಗುವುದು ಏಪ್ರಿಲ್-ಮೇ, ದಸರಾ, ಇಲ್ಲವೇ ಕ್ರಿಸ್‌ಮಸ್ ಹೊತ್ತಿಗೆ. ದಸರಾ ರಜೆ ಸಿಕ್ಕರೆ ಅದೃಷ್ಟ. ಜಾಂಬೆಜಿ, ಲುವಾಂಗ್ವಾ, ಚೋಬೆ ಮೂರೂ ನದಿಗಳ ದಂಡೆಯಲ್ಲಿ ಆಗ ಪ್ರಾಣಿಗಳು ಅತಿ ಹೆಚ್ಚು. ಬೇಸಿಗೆ ರಜೆಯೇ ಗತಿ ಅಂದರೆ ಆಯ್ಕೆ ಕಡಿಮೆ. ಕೀನ್ಯಾದಲ್ಲಿ ಏಪ್ರಿಲ್-ಮೇ ಅಂದರೆ ಜೋರು ಮಳೆಗಾಲ. ಜಾಂಬಿಯಾದ ಕಾಡಿನ ಎಷ್ಟೋ ಕ್ಯಾಂಪುಗಳು ಆಗಿನ್ನೂ ಬಾಗಿಲು ತೆಗೆದಿರುವುದಿಲ್ಲ. ಆಗ ನಾನು ಹೇಳುವುದು ದಕ್ಷಿಣ ಆಫ್ರಿಕಾದ ಸ್ಯಾಬಿ ಸ್ಯಾಂಡ್, ಅದರಲ್ಲೂ ಮೇ ತಿಂಗಳು. ಕ್ರಿಸ್‌ಮಸ್ ಹೊತ್ತಿಗೂ ಅದೇ, ಇಲ್ಲವೇ ಕೀನ್ಯಾದ ಮಾರಾ.

ಚೋಬೆ: ದೋಣಿಯಲ್ಲಿ ಕೂತು ಆನೆ ನೋಡುವವರಿಗೆ

ಬೋಟ್ಸ್ವಾನಾದ ಉತ್ತರ ತುದಿಯಲ್ಲಿ ಕಸಾನೆ ಅಂತ ಒಂದು ಸಣ್ಣ ಊರು. ಅದರ ಪಕ್ಕದಲ್ಲೇ ಚೋಬೆ ರಾಷ್ಟ್ರೀಯ ಉದ್ಯಾನ. 2022ರಲ್ಲಿ ಐದು ದೇಶಗಳು ಸೇರಿ ವಿಮಾನದಿಂದ ಆನೆ ಗಣತಿ ಮಾಡಿದಾಗ ಬೋಟ್ಸ್ವಾನಾ ಒಂದರಲ್ಲೇ ಸುಮಾರು 1.3 ಲಕ್ಷ ಆನೆಗಳಿವೆ ಎಂಬ ಅಂದಾಜು ಸಿಕ್ಕಿತು. ಒಣಗಾಲದ ಮಧ್ಯಾಹ್ನ ಚೋಬೆ ದಂಡೆಯಲ್ಲಿ ಕೂತರೆ ಆ ಲೆಕ್ಕದ ಮೇಲೆ ಅನುಮಾನವೇ ಬರುವುದಿಲ್ಲ.

ಇಲ್ಲಿ ನೋಡಲೇಬೇಕಾದದ್ದು ಸೆಡುಡು ದ್ವೀಪದ ಸುತ್ತಮುತ್ತ. ದ್ವೀಪದ ಹುಲ್ಲಿಗಾಗಿ ಆನೆಗಳು ನದಿ ದಾಟುತ್ತವೆ. ದೊಡ್ಡವು ಮುಂದೆ, ಮರಿಗಳು ನಡುವೆ. ನೀರು ಆಳವಾದ ಕಡೆ ಮೈಯೆಲ್ಲಾ ಮುಳುಗಿ ಸೊಂಡಿಲ ತುದಿ ಮಾತ್ರ ಮೇಲೆ ಕಾಣುತ್ತದೆ. ಸಣ್ಣ ದೋಣಿಯಾದರೆ ನೀವು ನೀರಿನ ಮಟ್ಟದಲ್ಲೇ ಕೂತಿರುತ್ತೀರಿ, ಆನೆ ಉಸಿರು ಬಿಡುವುದೂ ಕೇಳಿಸುತ್ತದೆ. ಎರಡು ಅಂತಸ್ತಿನ ದೊಡ್ಡ ದೋಣಿಗಳೂ ಇವೆ. ಐವತ್ತು ಜನರ ಜೊತೆ ಮೇಲಿನಿಂದ ನೋಡುವುದಕ್ಕೆ ಅಷ್ಟು ದೂರ ಹೋಗಬೇಕಾ? ಲಾಡ್ಜ್ ಬುಕ್ ಮಾಡುವಾಗ ದೋಣಿಯಲ್ಲಿ ಎಷ್ಟು ಸೀಟು ಅಂತ ಕೇಳಿ ತಿಳಿದುಕೊಳ್ಳಿ.

ಚೋಬೆಯ ಕೊರತೆ ಎಂದರೆ ಜನ. ಕಸಾನೆಯ ಹೋಟೆಲುಗಳ ಜೀಪುಗಳೆಲ್ಲಾ ಬೆಳಿಗ್ಗೆ ಒಂದೇ ಗೇಟಿನಿಂದ ಒಳಗೆ ಬರುತ್ತವೆ. ಸಿಂಹ ಕಂಡರೆ ಸಾಲು ನಿಲ್ಲುತ್ತದೆ. ರಸ್ತೆ ಬಿಟ್ಟು ಇಳಿಯುವಂತಿಲ್ಲ, ರಾತ್ರಿ ಸಫಾರಿ ಇಲ್ಲ. ಈ ಜನಜಂಗುಳಿಯಿಂದ ಸ್ವಲ್ಪ ಪಾರಾಗಬೇಕು ಅಂದರೆ ಉದ್ಯಾನದ ಒಳಗೇ ಇರುವ ಚೋಬೆ ಗೇಮ್ ಲಾಡ್ಜ್ ನೋಡಿ. ಹೊರಗಿನ ಜೀಪುಗಳು ಗೇಟು ದಾಟಿ ಬರುವ ಮೊದಲೇ ನೀವು ಕಾಡಿನಲ್ಲಿರುತ್ತೀರಿ. ಅಲ್ಲಿನ ಗೈಡುಗಳೆಲ್ಲಾ ಹೆಣ್ಣುಮಕ್ಕಳು, ದೋಣಿಗಳು ಬ್ಯಾಟರಿಯವು. ಎಂಜಿನ್ ಸದ್ದಿಲ್ಲದ ದೋಣಿಯಲ್ಲಿ ಆನೆ ಹಿಂಡಿನ ಹತ್ತಿರ ಹೋಗುವುದೇ ಬೇರೆ ಅನುಭವ.

ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಚೋಬೆಯಷ್ಟು ಸಲೀಸು ಬೇರೆ ಇಲ್ಲ. ಕುಲುಕುವ ಜೀಪು ಬೇಡ ಅಂದರೆ ದಿನವೆಲ್ಲಾ ದೋಣಿಯಲ್ಲೇ ಕಳೆಯಬಹುದು. ಜಾಂಬಿಯಾ-ಜಿಂಬಾಬ್ವೆ ಗಡಿಯ ವಿಕ್ಟೋರಿಯಾ ಜಲಪಾತ ಸುಮಾರು 80 ಕಿಲೋಮೀಟರ್, ರಸ್ತೆಯಲ್ಲೇ ಹೋಗಬಹುದು. ಆದರೆ ಒಂದು ಕಿವಿಮಾತು. ಆನೆಗಳಿಗೆ ಒಳ್ಳೆಯ ಅಕ್ಟೋಬರ್ ಜಲಪಾತಕ್ಕೆ ಒಳ್ಳೆಯದಲ್ಲ. 1,708 ಮೀಟರ್ ಅಗಲದ ಆ ಜಲಪಾತ ಮಾರ್ಚ್‌ನಿಂದ ಮೇವರೆಗೆ ತುಂಬಿ ಧುಮುಕುತ್ತದೆ. ಅಕ್ಟೋಬರ್-ನವೆಂಬರಿನಲ್ಲಿ ಜಾಂಬಿಯಾ ಕಡೆ ಬಹುಪಾಲು ಬರೀ ಬಂಡೆ ಕಾಣುತ್ತದೆ. ಆಗ ಹೋಗುವುದಾದರೆ ಜಿಂಬಾಬ್ವೆ ಕಡೆಯಿಂದ ನೋಡಿ. ಎರಡೂ ತಕ್ಕಮಟ್ಟಿಗೆ ಸಿಗಬೇಕು ಅಂದರೆ ಜೂನ್-ಜುಲೈ ಸರಿ.

ಕೆಳ ಜಾಂಬೆಜಿಯೋ ಲುವಾಂಗ್ವಾವೋ?

ನಿಜವಾಗಿ ಕಷ್ಟದ ಆಯ್ಕೆ ಇದು. ಕಾಡನ್ನು ಪ್ರೀತಿಸುವವರು ಕೊನೆಗೆ ಬಂದು ನಿಲ್ಲುವುದೂ ಇಲ್ಲೇ. ಎರಡೂ ಜಾಂಬಿಯಾದಲ್ಲಿವೆ. ಎರಡರಲ್ಲೂ ಒಳ್ಳೆಯ ಕ್ಯಾಂಪುಗಳಿವೆ. ಎರಡೂ ಕಡೆ ಒಬ್ಬರಿಗೆ ಒಂದು ರಾತ್ರಿಗೆ ಸಾವಿರ ಡಾಲರ್ ದಾಟುವುದು ಮಾಮೂಲು. ಆದರೆ ನದಿಗಳ ಸ್ವಭಾವವೇ ಬೇರೆ ಬೇರೆ.

ಕೆಳ ಜಾಂಬೆಜಿಗೆ ಮೇಲೆ ಕರೀಬಾ ಅಣೆಕಟ್ಟು ಇದೆ, 1959ರದ್ದು. ಹಾಗಾಗಿ ವರ್ಷವಿಡೀ ನೀರು ಹರಿಯುತ್ತಲೇ ಇರುತ್ತದೆ. ನದಿ ಅಗಲ, ನಡುವೆ ಮರಳ ದಿಬ್ಬ, ಹುಲ್ಲಿನ ದ್ವೀಪಗಳು, ಹಿಂದೆ ನೀಲಿ ಬೆಟ್ಟದ ಸಾಲು. ಬೆಳಿಗ್ಗೆ ಜೀಪು, ಸಂಜೆ ದೋಣಿ, ಬೇಕಾದರೆ ನಡಿಗೆ, ಬೇಕಾದರೆ ಮೀನು ಹಿಡಿಯುವುದು. ಚೂಪು ಹಲ್ಲಿನ ಟೈಗರ್ ಫಿಶ್ ಗಾಳಕ್ಕೆ ಬಿದ್ದರೆ ಅದನ್ನು ಮತ್ತೆ ನೀರಿಗೇ ಬಿಡುತ್ತಾರೆ.

ಇಲ್ಲಿನ ವಿಶೇಷ ಅಂದರೆ ಕಯಾಕಿನಂಥ ಉದ್ದನೆಯ ಕೆನೂ ದೋಣಿ. ಇಬ್ಬಿಬ್ಬರು ಒಂದೊಂದರಲ್ಲಿ, ಮುಂದೆ ಗೈಡಿನ ದೋಣಿ. ನದಿಯ ತುಂಬ ನೀರಾನೆಗಳಿರುವಾಗ ಇದು ಹೇಗೆ ಸಾಧ್ಯ ಅನ್ನಿಸುತ್ತದೆ. ಗೈಡು ಮಾಡುವ ಕೆಲಸ ಗಮನಿಸಿ. ಹುಟ್ಟಿನಿಂದ ದೋಣಿಯ ಬದಿಗೆ ಟಕ್ ಟಕ್ ಅಂತ ಬಡಿಯುತ್ತಾನೆ. ಮುಳುಗಿದ್ದ ನೀರಾನೆಗಳು ಸದ್ದಿಗೆ ತಲೆ ಎತ್ತುತ್ತವೆ, ಎಷ್ಟಿವೆ, ಎಲ್ಲಿವೆ ಅಂತ ಲೆಕ್ಕ ಸಿಗುತ್ತದೆ. ನೀರಾನೆಗೆ ಹೆದರಿಕೆಯಾದರೆ ಆಳದ ಕಡೆಗೆ ಓಡುತ್ತದೆ. ಅದಕ್ಕೇ ದೋಣಿಗಳನ್ನು ಆಳವಿಲ್ಲದ ದಂಡೆಯ ಬದಿಗೇ ತಳ್ಳಿಕೊಂಡು, ಅದರ ದಾರಿ ಬಿಟ್ಟುಕೊಟ್ಟು ಸಾಗುತ್ತಾರೆ. ಇದರಲ್ಲಿ ಅಪಾಯ ಇಲ್ಲವೇ ಇಲ್ಲ ಅಂತ ಯಾರೂ ಹೇಳಲಾರರು. ಗೈಡಿನ ಅನುಭವದ ಮೇಲೆ ಎಲ್ಲಾ ನಿಂತಿದೆ. ಸಣ್ಣ ಮಕ್ಕಳಿಗೆ ಇದಕ್ಕೆ ಅವಕಾಶವಿಲ್ಲ, ಇರಲೂಬಾರದು.

ಲುವಾಂಗ್ವಾಗೆ ಅಣೆಕಟ್ಟಿಲ್ಲ. ಮಳೆಗಾಲದಲ್ಲಿ ಉಕ್ಕಿ ಹರಿದು ದಂಡೆ ಕೊರೆಯುತ್ತದೆ, ಒಂದೆರಡು ವರ್ಷದಲ್ಲಿ ಪಾತ್ರವನ್ನೇ ಬದಲಿಸುತ್ತದೆ. ಹಳೆಯ ತಿರುವುಗಳು ಕಟ್ ಆಗಿ ಬಿಲ್ಲಿನಾಕಾರದ ಕೊಳಗಳಾಗಿ ಉಳಿಯುತ್ತವೆ. ಒಣಗಾಲ ಬಂದಂತೆ ನದಿ ಮಂಡಿಯುದ್ದಕ್ಕೆ ಇಳಿಯುತ್ತದೆ. ಇರುವ ಗುಂಡಿಗಳಲ್ಲಿ ನೂರಾರು ನೀರಾನೆಗಳು ಮೈಗೆ ಮೈ ತಾಗಿಸಿಕೊಂಡು ಬಿದ್ದಿರುತ್ತವೆ. ಆಗ ದೋಣಿ ಇಲ್ಲ. ದೋಣಿ ಬೇಕು ಅಂದರೆ ನೀರು ತುಂಬಿರುವ ಫೆಬ್ರವರಿ-ಏಪ್ರಿಲ್‌ನಲ್ಲಿ ಹೋಗಬೇಕು. ಆಗ ತೆರೆದಿರುವ ಕ್ಯಾಂಪುಗಳು ಕಡಿಮೆ, ದರವೂ ಕಡಿಮೆ, ಕಾಡು ಮಾತ್ರ ಹಚ್ಚಹಸಿರು.

ಲುವಾಂಗ್ವಾಗೆ ಹೋಗುವುದು ನಡೆಯುವುದಕ್ಕೆ, ಮತ್ತು ಚಿರತೆಗೆ. ಪ್ರವಾಸಿಗರನ್ನು ಕಾಡಿನಲ್ಲಿ ನಡೆಸುವ ಪದ್ಧತಿಯನ್ನು ವನ್ಯಜೀವಿ ಸಂರಕ್ಷಕ ನಾರ್ಮನ್ ಕಾರ್ ಬೆಳೆಸಿದ್ದು ಇದೇ ಕಣಿವೆಯಲ್ಲಿ. ಮುಂದೆ ಬಂದೂಕು ಹಿಡಿದ ವನ್ಯಜೀವಿ ಇಲಾಖೆಯ ಸ್ಕೌಟ್, ಅವನ ಹಿಂದೆ ಗೈಡು, ಅವರ ಹಿಂದೆ ಒಬ್ಬರ ಹಿಂದೊಬ್ಬರಾಗಿ ನೀವು. ಮಾತಿಲ್ಲ. ನೀರಾನೆಯ ಹೆಜ್ಜೆ ಹಸಿಮಣ್ಣಿನಲ್ಲಿ ಮೂಡಿ ಒಣಗಿ ಗಟ್ಟಿಯಾಗಿರುತ್ತದೆ, ಅದರಲ್ಲಿ ಕಾಲು ಸಿಕ್ಕಿ ಮುಗ್ಗರಿಸದ ಹಾಗೆ ನೋಡಿಕೊಂಡು ಹೋಗಬೇಕು. ಜೀಪಿನಲ್ಲಿ ಕೂತಾಗ ಆನೆ ದೊಡ್ಡದು ಅನ್ನಿಸುತ್ತದೆ. ನೆಲದ ಮೇಲೆ ನಿಂತಾಗ ಆ ದೊಡ್ಡದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತದೆ. ರಾತ್ರಿ ಸಫಾರಿಗೂ ಇಲ್ಲಿ ಅನುಮತಿ ಇದೆ, ಚಿರತೆ ಕಾಣುವುದು ಜಾಸ್ತಿ ಆಗಲೇ. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕಾರ್ಮೈನ್ ಬೀ-ಈಟರ್ ಹಕ್ಕಿಗಳು ಸಾವಿರಗಟ್ಟಲೆ ಬಂದು ನದಿಯ ಕಡಿದಾದ ಮಣ್ಣುಗೋಡೆಯಲ್ಲಿ ಬಿಲ ಕೊರೆದು ಗೂಡು ಮಾಡುತ್ತವೆ. ಕುಂಕುಮದಂಥ ಕೆಂಪು ಮೈ. ಹಕ್ಕಿ ಫೋಟೊ ತೆಗೆಯುವವರು ಇನ್ನೇನೂ ಯೋಚಿಸಬೇಕಿಲ್ಲ, ಈ ತಿಂಗಳಲ್ಲಿ ಲುವಾಂಗ್ವಾಗೇ ಹೋಗಿ.

ಎಂಫೂವೆ ಲಾಡ್ಜ್‌ನ ಕಥೆ ಕೇಳಿರಬಹುದು. ಲಾಡ್ಜ್ ಕಟ್ಟಿರುವುದು ಕಾಡುಮಾವಿನ ಮರವೊಂದಕ್ಕೆ ಆನೆಗಳು ಹೋಗುವ ದಾರಿಯಲ್ಲಿ. ಹಣ್ಣಿನ ಕಾಲ ಬಂತೆಂದರೆ ನವೆಂಬರಿನ ಆಸುಪಾಸಿನಲ್ಲಿ ಆನೆ ಕುಟುಂಬವೊಂದು ಮೆಟ್ಟಿಲು ಹತ್ತಿ, ರಿಸೆಪ್ಷನ್ ಮೂಲಕವೇ ನಡೆದು ಆ ಮರದ ಹತ್ತಿರ ಹೋಗುತ್ತದೆ. ಯಾರೂ ತಡೆಯುವುದಿಲ್ಲ. ಕಾಡಿನಲ್ಲಿ ಲಾಡ್ಜ್ ನಡೆಸುವವರಿಗೆ ಇರಬೇಕಾದ ಮರ್ಯಾದೆ ಅದು, ಅಲ್ವಾ?

ಪ್ರಾಣಿಗಳ ಪಟ್ಟಿಯಲ್ಲೂ ವ್ಯತ್ಯಾಸವಿದೆ. ಕೆಳ ಜಾಂಬೆಜಿಯಲ್ಲಿ ಜಿರಾಫೆ ಇಲ್ಲ. ಲುವಾಂಗ್ವಾದಲ್ಲಿ ಇದೆ, ಬೇರೆಲ್ಲೂ ಇಲ್ಲದ ಥಾರ್ನಿಕ್ರಾಫ್ಟ್ ಜಿರಾಫೆ. ಘೇಂಡಾಮೃಗ ಕೆಳ ಜಾಂಬೆಜಿಯಲ್ಲೂ ಇಲ್ಲ, ದಕ್ಷಿಣ ಲುವಾಂಗ್ವಾದಲ್ಲೂ ಇಲ್ಲ. ತ್ಸೆತ್ಸೆ ನೊಣ ಎರಡೂ ಕಡೆ ಇದೆ, ಕಚ್ಚಿದರೆ ಚುರ್ ಅನ್ನುತ್ತದೆ. ನೀಲಿ, ಕಪ್ಪು ಬಟ್ಟೆಗೆ ಅದು ಮುತ್ತಿಕೊಳ್ಳುವುದು ಜಾಸ್ತಿ. ಜೀನ್ಸ್ ಮನೆಯಲ್ಲೇ ಬಿಡಿ.

ಮೊದಲ ಸಲ ಹೋಗುವ ದಂಪತಿಗೆ, ದಿನಕ್ಕೊಂದು ಹೊಸ ಕೆಲಸ ಬೇಕು ಅನ್ನುವವರಿಗೆ ನನ್ನ ಓಟು ಕೆಳ ಜಾಂಬೆಜಿಗೆ. ಒಂದೆರಡು ಸಫಾರಿ ಈಗಾಗಲೇ ಮುಗಿಸಿ, ಕಾಡನ್ನು ಓದುವುದು ಕಲಿಯಬೇಕು ಅನ್ನುವವರಿಗೆ ಲುವಾಂಗ್ವಾ. ದುಡ್ಡು, ರಜೆ ಎರಡೂ ಇದ್ದರೆ ಎರಡನ್ನೂ ಒಂದೇ ಪ್ರವಾಸದಲ್ಲಿ ಸೇರಿಸಬಹುದು, ಲುಸಾಕಾ ಮೂಲಕ ಸಣ್ಣ ವಿಮಾನಗಳಿವೆ.

ಕೆಳ ಜಾಂಬೆಜಿಯ ಎದುರು ದಂಡೆಯಲ್ಲೇ ಜಿಂಬಾಬ್ವೆಯ ಮಾನಾ ಪೂಲ್ಸ್, 1984ರಿಂದ ವಿಶ್ವ ಪರಂಪರೆಯ ತಾಣ. ಆಲ್ಬಿಡಾ ಎಂಬ ಮರದ ಕಾಯಿಗಾಗಿ ಇಲ್ಲಿನ ಕೆಲವು ಗಂಡಾನೆಗಳು ಹಿಂಗಾಲಿನ ಮೇಲೆ ಎದ್ದು ನಿಲ್ಲುತ್ತವೆ. ಇದನ್ನು ಕಾಲ್ನಡಿಗೆಯಲ್ಲಿ ಹೋಗಿ ನೋಡಬಹುದು. ಜಿಂಬಾಬ್ವೆಯ ಗೈಡ್ ಲೈಸೆನ್ಸ್ ಪರೀಕ್ಷೆ ಆಫ್ರಿಕಾದಲ್ಲೇ ಕಠಿಣ ಅಂತ ಹೆಸರುವಾಸಿ. ಐಷಾರಾಮಿ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ ಅನ್ನುವವರು ಈ ದಂಡೆ ನೋಡಿ.

ಮಾರಾ: ವಲಸೆ ನೋಡಲೇಬೇಕು ಅಂದರೆ

ವೈಲ್ಡ್‌ಬೀಸ್ಟ್ ಎಂಬ ಹುಲ್ಲೆಗಳ ಹಿಂಡು ವಲಸೆ ಹೋಗುವಾಗ ಮಾರಾ ನದಿ ಹಾರಿ ದಾಟುವುದನ್ನು ಟಿವಿಯಲ್ಲಿ ನೋಡದವರಿಲ್ಲ. ಅದು ನಡೆಯುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್ ನಡುವೆ. ಯಾವ ದಿನ, ಯಾವ ಜಾಗ ಅಂತ ಯಾರೂ ಹೇಳಲಾರರು. ಹಿಂಡು ದಂಡೆಗೆ ಬಂದು ಗಂಟೆಗಟ್ಟಲೆ ನಿಂತು ವಾಪಸ್ ಹೋಗಿಬಿಡಬಹುದು. ನದಿದಂಡೆಯ ಲಾಡ್ಜ್‌ನಲ್ಲಿ ಉಳಿದರೆ ನಿಮ್ಮ ರೂಮಿನ ಮುಂದೆಯೇ ದಾಟುತ್ತವೆ ಅಂದುಕೊಳ್ಳಬೇಡಿ. ಲಾಭ ಇರುವುದು ಸಮಯದಲ್ಲಿ. ದಾಟುವ ಜಾಗಗಳು ಹತ್ತಿರವಿದ್ದರೆ ಸುದ್ದಿ ಬಂದ ಕೂಡಲೇ ಹೋಗಬಹುದು, ಕಾಯುವುದಕ್ಕೂ ತಾಳ್ಮೆ ಉಳಿದಿರುತ್ತದೆ.

ಇಲ್ಲಿ ನಿಜವಾದ ಆಯ್ಕೆ ಸರ್ಕಾರಿ ರಿಸರ್ವ್ ಒಳಗೋ, ಪಕ್ಕದ ಕನ್ಸರ್ವೆನ್ಸಿಯಲ್ಲೋ ಎಂಬುದು. ರಿಸರ್ವ್‌ನಲ್ಲಿ ನದಿ ಹತ್ತಿರ, ಜೀಪುಗಳೂ ಹೆಚ್ಚು. ದೊಡ್ಡವರಿಗೆ ಪ್ರವೇಶ ಶುಲ್ಕವೇ ಜುಲೈನಿಂದ ಡಿಸೆಂಬರ್‌ವರೆಗೆ ದಿನಕ್ಕೆ 200 ಡಾಲರ್, ಜನವರಿಯಿಂದ ಜೂನ್‌ವರೆಗೆ 100 ಡಾಲರ್. 2024ರಿಂದ ಈ ದರ. ಮಾರಾ ನಾರ್ತ್, ನಬೋಯಿಶೊ, ಓಲಾರೆ ಮೊಟೊರೊಗಿಯಂಥ ಕನ್ಸರ್ವೆನ್ಸಿಗಳು ಮಸಾಯಿ ಜನರ ಸ್ವಂತ ಜಮೀನು. ಅವರಿಗೆ ಬಾಡಿಗೆ ಹೋಗುತ್ತದೆ, ಅಲ್ಲಿ ಉಳಿದವರಿಗೆ ಮಾತ್ರ ಪ್ರವೇಶ. ರಾತ್ರಿ ಸಫಾರಿ, ನಡಿಗೆ ಎರಡೂ ಉಂಟು. ನಾನಾದರೆ ಎರಡು ರಾತ್ರಿ ನದಿ ಹತ್ತಿರ, ಎರಡು ರಾತ್ರಿ ಕನ್ಸರ್ವೆನ್ಸಿಯಲ್ಲಿ ಅಂತ ಹಂಚಿಕೊಳ್ಳುತ್ತೇನೆ. ಮಾರಾ ನದಿಯಲ್ಲಿ ದೋಣಿ ಸಫಾರಿ ಇಲ್ಲ ಎಂಬುದು ನೆನಪಿರಲಿ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ಕೀನ್ಯಾ ಎಲ್ಲಕ್ಕಿಂತ ಸುಲಭ. ಭಾರತೀಯರು ನೂರು ವರ್ಷಕ್ಕೂ ಹಿಂದಿನಿಂದ ಅಲ್ಲಿದ್ದಾರೆ. ಚಪಾತಿ ಅಲ್ಲಿನವರ ದಿನದ ಊಟದಲ್ಲೇ ಸೇರಿಹೋಗಿದೆ. ಬೇರೆ ದೇಶಗಳಲ್ಲೂ ಮೊದಲೇ ಬರೆದು ತಿಳಿಸಿದರೆ ಲಾಡ್ಜ್‌ನವರು ಮಾಡಿಕೊಡುತ್ತಾರೆ, ಆದರೆ ಮೊಟ್ಟೆ ತಿನ್ನುತ್ತೀರೋ ಇಲ್ಲವೋ, ಈರುಳ್ಳಿ-ಬೆಳ್ಳುಳ್ಳಿ ಆಗುತ್ತದೋ ಇಲ್ಲವೋ ಬಿಡಿಸಿ ಬರೆಯಿರಿ. ಸುಮ್ನೆ ‘ವೆಜ್’ ಅಂದರೆ ಮೂರು ಹೊತ್ತೂ ಪಾಸ್ತಾ ಬರುತ್ತದೆ. ಒಂದು ಡಬ್ಬಿ ಚಟ್ನಿಪುಡಿ ಇರಲಿ.

ಸ್ಯಾಬಿ ಸ್ಯಾಂಡ್: ವರ್ಷವಿಡೀ ಭರವಸೆ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನದ ಪಕ್ಕದ ಖಾಸಗಿ ಕಾಡು ಇದು. ನಡುವಿನ ಬೇಲಿಯನ್ನು 1993ರಲ್ಲೇ ತೆಗೆದಿದ್ದಾರೆ. ಸ್ಯಾಂಡ್ ನದಿಯ ದಂಡೆಯಲ್ಲಿ ಲೊಂಡೊಲೋಜಿ, ಸಿಂಗೀಟಾ, ಸ್ಯಾಬಿ ನದಿಯಲ್ಲಿ ಲಯನ್ ಸ್ಯಾಂಡ್ಸ್, ಎಲ್ಲಾ ದುಬಾರಿ ಹೆಸರುಗಳು. ಇಲ್ಲಿ ನದಿಯಲ್ಲಿ ಮಾಡುವ ಕೆಲಸ ಏನೂ ಇಲ್ಲ, ದೋಣಿ ಇಲ್ಲ. ಸ್ಯಾಂಡ್ ನದಿ ಒಣಗಾಲದಲ್ಲಿ ಮರಳಿನ ನಡುವೆ ನಾಲ್ಕು ಗುಂಡಿ ನೀರಾಗಿ ಉಳಿಯುತ್ತದೆ. ಆದರೆ ಚಿರತೆಯನ್ನು ಹತ್ತಿರದಿಂದ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಜೀಪಿನ ಬಾನೆಟ್ ತುದಿಯ ಸೀಟಿನಲ್ಲಿ ಟ್ರ್ಯಾಕರ್ ಕೂತು ಹೆಜ್ಜೆ ಗುರುತು ಹಿಡಿಯುತ್ತಾನೆ, ರಸ್ತೆ ಬಿಟ್ಟು ಪೊದೆಯೊಳಗೂ ಹಿಂಬಾಲಿಸಬಹುದು, ಒಂದು ಪ್ರಾಣಿಯ ಹತ್ತಿರ ಎರಡು-ಮೂರಕ್ಕಿಂತ ಹೆಚ್ಚು ಜೀಪು ನಿಲ್ಲಿಸುವುದಿಲ್ಲ. ಘೇಂಡಾಮೃಗವೂ ಇದೆ. ಚಿಕ್ಕ ಮಕ್ಕಳನ್ನು ಸೇರಿಸಿಕೊಳ್ಳುವ ಲಾಡ್ಜ್‌ಗಳೂ ಇಲ್ಲೇ ಹೆಚ್ಚು. ಜೂನ್-ಜುಲೈ ಬೆಳಗಿನ ಜಾವ ತೆರೆದ ಜೀಪಿನಲ್ಲಿ ಹಲ್ಲು ಕಟಕಟಿಸುವಷ್ಟು ಚಳಿ, ಸ್ವೆಟರ್ ಮರೆಯಬೇಡಿ.

ತಾಂಜಾನಿಯಾದ ರುಫಿಜಿ ನದಿಯೂ ಪಟ್ಟಿಯಲ್ಲಿದೆ. ಅದು ಹರಿಯುವುದು ಸೆಲೂಸ್ ಅಭಯಾರಣ್ಯದಿಂದ 2019ರಲ್ಲಿ ಬೇರೆಯಾದ ನ್ಯೆರೆರೆ ಉದ್ಯಾನದಲ್ಲಿ. ದೋಣಿ ಸಫಾರಿ ಚೆನ್ನಾಗಿದೆ, ಜಾಂಜಿಬಾರ್ ಸಮುದ್ರತೀರಕ್ಕೆ ಹೋಗುವವರಿಗೆ ಅನುಕೂಲ. ಬರೀ ಅದಕ್ಕೋಸ್ಕರ ಹೋಗಿ ಅಂತ ಹೇಳುವುದಿಲ್ಲ.

ದುಡ್ಡು ಎಲ್ಲಿ ಸುರಿಯಬೇಕು

ಮೊದಲನೆಯದು ಗೈಡು. ಎರಡನೆಯದು ಜೀಪಿನಲ್ಲಿ ಎಷ್ಟು ಜನ. ಒಂಬತ್ತು ಜನ ಕೂತ ಜೀಪಿನ ನಡು ಸೀಟಿನಲ್ಲಿ ಕೂತರೆ ಹಣ ನೀರಲ್ಲಿ ಹಾಕಿದ ಹಾಗೆ. ನಾಲ್ಕೈದು ಜನರ ಕುಟುಂಬವಾದರೆ ಸ್ವಂತಕ್ಕೊಂದು ಜೀಪು ಕೇಳಿ, ಅದಕ್ಕೆ ಕೊಡುವ ಹೆಚ್ಚಿನ ದುಡ್ಡು ಸಾರ್ಥಕ. ಟೆಂಟಿನ ಖಾಸಗಿ ಈಜುಕೊಳ ಬಿಟ್ಟರೂ ನಡೆಯುತ್ತದೆ, ಅಕ್ಟೋಬರ್ ಒಂದನ್ನು ಬಿಟ್ಟು. ಆ ಸೆಕೆಯಲ್ಲಿ ಮಧ್ಯಾಹ್ನ ಬೇರೆ ದಾರಿ ಇಲ್ಲ.

ರೂಮು ಎಲ್ಲಿದೆ ಅಂತ ನಕ್ಷೆ ತರಿಸಿಕೊಳ್ಳಿ. ‘ನದಿ ನೋಟ’ ಅಂತ ಬರೆದ ಎಷ್ಟೋ ರೂಮುಗಳ ಮುಂದೆ ಜೊಂಡು ಬೆಳೆದು ನೀರು ಕಾಣುವುದಿಲ್ಲ. ದಂಡೆ ಎಷ್ಟು ಎತ್ತರ ಅಂತಲೂ ಕೇಳಿ. ಮಳೆಗಾಲದಲ್ಲಿ ಹೋಗುವವರಿಗೆ ಇದು ಜೀವದ ಪ್ರಶ್ನೆ. 2024ರ ಮೇ ಮೊದಲ ದಿನ ತಲೇಕ್ ನದಿ ಉಕ್ಕಿ ಮಸಾಯಿ ಮಾರಾದ ಹಲವು ಕ್ಯಾಂಪುಗಳು ಮುಳುಗಿದವು, ಹೆಲಿಕಾಪ್ಟರ್ ತರಿಸಿ ಜನರನ್ನು ಕರೆತರಬೇಕಾಯಿತು. 2012ರ ಜನವರಿಯಲ್ಲಿ ಸ್ಯಾಬಿ ಸ್ಯಾಂಡ್ ಕಡೆಯೂ ಪ್ರವಾಹ ಬಂದಿತ್ತು.

ಈ ಲಾಡ್ಜ್‌ಗಳಲ್ಲಿ ಬಹುಪಾಲಿಗೆ ಬೇಲಿ ಇಲ್ಲ. ಕತ್ತಲಾದ ಮೇಲೆ ನೀರಾನೆಗಳು ಮೇಯಲು ದಂಡೆ ಹತ್ತಿ ಟೆಂಟಿನ ಪಕ್ಕದಲ್ಲೇ ಹುಲ್ಲು ಹರಿಯುತ್ತಿರುತ್ತವೆ. ಊಟಕ್ಕೆ ಹೋಗಿ ಬರಲು ಕಾವಲುಗಾರ ಟಾರ್ಚ್ ಹಿಡಿದು ಜೊತೆಗೆ ಬರುತ್ತಾನೆ. ಅವನು ಬರುವ ತನಕ ಹೊರಗೆ ಹೆಜ್ಜೆ ಇಡಬೇಡಿ. ರಾತ್ರಿ ಎದ್ದು ಓಡಾಡುವ ಅಭ್ಯಾಸವಿರುವ ಹಿರಿಯರು, ಓಡಿಹೋಗುವ ಮಕ್ಕಳು ಜೊತೆಗಿದ್ದರೆ ಊಟದ ಜಾಗಕ್ಕೆ ಹತ್ತಿರದ ರೂಮು, ಇಲ್ಲವೇ ಬೇಲಿಯಿರುವ ಲಾಡ್ಜ್ ಕೇಳಿ.

ಹೊರಡುವ ಮುಂಚೆ

ಇಷ್ಟೂ ಕಡೆ ಮಲೇರಿಯಾ ಇದೆ. ಮಾತ್ರೆ ಯಾವುದು, ಯಾವಾಗಿನಿಂದ ಶುರು ಎಂಬುದನ್ನು ಡಾಕ್ಟರ ಹತ್ತಿರವೇ ಕೇಳಿ, ಗರ್ಭಿಣಿಯರು ಮತ್ತು ಸಣ್ಣ ಮಕ್ಕಳ ವಿಷಯದಲ್ಲಿ ಇನ್ನೂ ಮುಖ್ಯ. ಕೀನ್ಯಾಕ್ಕೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆ ಬೇಕು. ಸರ್ಟಿಫಿಕೇಟ್ ಇಲ್ಲದೆ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಕ್ವಾರಂಟೈನ್ ಮಾಡುತ್ತಾರೆ. ಲಸಿಕೆ ಹಾಕುವುದು ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ, ಸರ್ಟಿಫಿಕೇಟ್ ಜಾರಿಗೆ ಬರುವುದು ಹತ್ತು ದಿನ ಕಳೆದ ಮೇಲೆ. ದಕ್ಷಿಣ ಆಫ್ರಿಕಾಕ್ಕೆ ಇಲ್ಲಿಂದಲೇ ವೀಸಾ ಮಾಡಿಸಿಕೊಂಡು ಹೋಗಬೇಕು. ಕೀನ್ಯಾಕ್ಕೆ ಆನ್‌ಲೈನ್ ಅನುಮತಿ ಸಾಕು.

ಕಾಡಿಗೆ ಹಾರುವ ಸಣ್ಣ ವಿಮಾನದಲ್ಲಿ ಒಬ್ಬರಿಗೆ 15ರಿಂದ 20 ಕಿಲೋ ಲಗೇಜು, ಅದೂ ಮೆತ್ತನೆಯ ಬ್ಯಾಗಿನಲ್ಲಿ. ಗಾಲಿ ಇರುವ ಗಟ್ಟಿ ಸೂಟ್‌ಕೇಸ್ ಹಿಡಿಸುವುದೇ ಇಲ್ಲ. ಬಟ್ಟೆ ಜಾಸ್ತಿ ಬೇಡ, ಹೆಚ್ಚಿನ ಕ್ಯಾಂಪುಗಳಲ್ಲಿ ದಿನಾ ಒಗೆದುಕೊಡುತ್ತಾರೆ. ಕೀನ್ಯಾದಲ್ಲಿ 2017ರಿಂದ, ತಾಂಜಾನಿಯಾದಲ್ಲಿ 2019ರಿಂದ ಪ್ಲಾಸ್ಟಿಕ್ ಕೈಚೀಲ ನಿಷೇಧ. ಚಟ್ನಿಪುಡಿ ಡಬ್ಬಿಯನ್ನು ಬಟ್ಟೆ ಚೀಲದಲ್ಲಿ ಸುತ್ತಿಕೊಳ್ಳಿ. ಆರೆಂಟು ಟೆಂಟುಗಳ ಸಣ್ಣ ಕ್ಯಾಂಪುಗಳು ದಸರಾ ಹೊತ್ತಿಗೆ ಬೇಗ ತುಂಬುತ್ತವೆ. ಹಿಂದಿನ ವರ್ಷದ ದಸರಾ ಮುಗಿಯುತ್ತಿದ್ದಂತೆ ಬರೆದು ಕೇಳಿದರೆ ಬೇಕಾದ ಟೆಂಟು, ಬೇಕಾದ ಗೈಡು ಎರಡೂ ಸಿಗುವ ಸಾಧ್ಯತೆ ಹೆಚ್ಚು.